ಮಕ್ಕಳ ಕಲಿಕೆಯೂ ನಿತ್ಯಕಾಯಕ



ಶಿವರಾತ್ರಿ ಸಮೀಪಿಸುತ್ತಿದ್ದಂತೆ ನಮ್ಮ ಶ್ರೀಮಠದ ಅಂಗಳದಲ್ಲಿ ವರ್ಷ ವರ್ಷವೂ ಒಂದು ನೋಟ ಕಾಣಸಿಗುತ್ತದೆ. ಹತ್ತನೆಯ, ಹನ್ನೆರಡನೆಯ ಇಯತ್ತೆಯ ಮಕ್ಕಳನ್ನು ಮುಂದೆ ಮಾಡಿಕೊಂಡು ತಂದೆತಾಯಿಗಳು ಬರುತ್ತಾರೆ. ಒಬ್ಬರ ಕೈಯಲ್ಲಿ ತೆಂಗಿನಕಾಯಿ, ಇನ್ನೊಬ್ಬರ ಕೈಯಲ್ಲಿ ಹೊಸ ಪೆನ್ನು. ಪೆನ್ನನ್ನು ಗದ್ದುಗೆಗೆ ಮುಟ್ಟಿಸಿ, ವಿಭೂತಿ ಹಚ್ಚಿ ಮಗನ ಕಿಸೆಯಲ್ಲಿಡುತ್ತಾರೆ. ಕೆಲವು ವರ್ಷಗಳ ಹಿಂದೆ ಹೀಗೆ ಬಂದ ಒಬ್ಬ ಒಕ್ಕಲಿಗರು ಕೈಮುಗಿದು ಹೇಳಿದರು: “ಅಜ್ಜಾರ, ನಾಳಿಂದ ಪರೀಕ್ಷಾ ಸುರು ಅದಾವ್ರಿ. ಹುಡುಗ ರಾತ್ರಿ ಎರಡರ ತನಕಾ ಓದತಾನ. ಖರೆ, ಓದಿದ್ದು ತಲ್ಯಾಗ ನಿಂದ್ರವಲ್ದು. ನೀವ ಒಂದ್ ಸಲ ಕೈ ಇಡ್ರಿ.”

ಕೈ ಇಡುವುದಕ್ಕೆ ಅಡ್ಡಿಯೇನು? ಮಗುವಿನ ಅಂಜಿಕೆ ಅಷ್ಟು ಇಳಿದರೆ ಅದೂ ಒಂದು ಉಪಕಾರವೇ. ಕೈ ಇಟ್ಟು ಹರಸಿ ಕಳಿಸಿದೆವು. ಜೂನ್ ತಿಂಗಳಲ್ಲಿ ಅದೇ ತಂದೆ ಮಗನೊಂದಿಗೆ ಪೇಢೆಯ ಡಬ್ಬಿ ಹಿಡಿದು ಬಂದರು. ಗಣಿತದಲ್ಲಿ ನೂರಕ್ಕೆ 84 ಅಂಕ ಬಂದಿದ್ದವು. ನಮಗೂ ಸಂತೋಷವಾಯಿತು. ಆಗ ಪಕ್ಕದಲ್ಲಿ ಕುಳಿತಿದ್ದ ಇನ್ನೊಬ್ಬ ಭಕ್ತರು ಅಡತಿ ಅಂಗಡಿಯ ಪಟ್ಟಿಯೊಂದನ್ನು ನಮ್ಮ ಮುಂದೆ ಹಿಡಿದಿದ್ದರು. 9 ಕ್ವಿಂಟಲ್ 20 ಕಿಲೋ ತೊಗರಿ, ಇಷ್ಟು ಧಾರಣೆ, ಹಮಾಲಿ ಇಷ್ಟು, ತೂಕದ ಖರ್ಚು ಇಷ್ಟು. ಕೈಗೆ ಬಂದ ಹಣ ಸರಿಯಿದೆಯೋ ಇಲ್ಲವೋ ಎಂದು ಅವರಿಗೆ ಸಂಶಯ. “ತಮ್ಮಾ, ನೀನ ನೋಡಿ ಹೇಳಪಾ” ಎಂದು ಕಾಗದವನ್ನು ಹುಡುಗನ ಕೈಗೆ ಕೊಟ್ಟೆವು. ಅವನು ಬಹಳ ಹೊತ್ತು ಅದನ್ನು ನೋಡುತ್ತ ನಿಂತ. ಕೊನೆಗೆ ಮೆಲ್ಲಗೆ, “ಅಜ್ಜಾರ, ಇಂಥಾ ಲೆಕ್ಕ ಪರೀಕ್ಷಾಕ್ಕ ಮಾಡಿದ್ದೆ. ಈಗ ಮರ್ತೇನ್ರಿ” ಎಂದ.

ಹುಡುಗ ದಡ್ಡನಲ್ಲ, ಸುಳ್ಳುಗಾರನೂ ಅಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದ. ತಲೆ ತಗ್ಗಿಸಬೇಕಾದವರು ಹಿರಿಯರಾದ ನಾವು. ಮೂರೇ ತಿಂಗಳಲ್ಲಿ ಕರಗಿಹೋಗುವ ಈ ವಿದ್ಯೆಗಾಗಿ ಅವನ ನಿದ್ದೆ ಕೆಡಿಸಿದೆವು, ಮನೆಯ ನೆಮ್ಮದಿ ಕೆಡಿಸಿದೆವು, ದುಡ್ಡು ಖರ್ಚು ಮಾಡಿದೆವು. ಇದು ಸರಿಯೇ? ಶಾಲೆಯ ಮಾತು ಮಠದ ಪತ್ರಿಕೆಗೆ ಏಕೆ ಎಂದು ಯಾರೂ ಕೇಳಬಾರದು. ಇದು ಧರ್ಮದ ಪ್ರಶ್ನೆಯೂ ಹೌದು.

ನುಡಿ ಮತ್ತು ನಡೆ ಒಂದಾಗಿರಬೇಕೆಂಬುದು ಬಸವಾದಿ ಶರಣರು ನಮಗೆ ಕೊಟ್ಟ ಅಳತೆಗೋಲು. ಉತ್ತರಪತ್ರಿಕೆ ಎಂದರೆ ಮಗುವಿನ ನುಡಿ. “ನನಗೆ ಇದು ಬರುತ್ತದೆ” ಎಂದು ಅದು ಅಲ್ಲಿ ಬರೆದು ಸಹಿ ಮಾಡಿದಂತೆ. ಬದುಕಿನಲ್ಲಿ ಆ ವಿದ್ಯೆ ಕೈಗೆ ಬರುವುದು ನಡೆ. ಒಂದೇ ರಾತ್ರಿ ಉರು ಹೊಡೆದು ಬರೆದಾಗ ನುಡಿ ಇರುತ್ತದೆ, ನಡೆ ಇರುವುದಿಲ್ಲ. ಹೀಗೆ ಬಾರದ್ದನ್ನು ಬರುತ್ತದೆಂದು ತೋರಿಸುವ ರೂಢಿ ಹತ್ತನೆಯ ವಯಸ್ಸಿಗೇ ಅಂಟಿಕೊಂಡರೆ, ಇಪ್ಪತ್ತೈದನೆಯ ವಯಸ್ಸಿನಲ್ಲಿ ಅದು ಎಲ್ಲಿಗೆ ಹೋಗಿ ಮುಟ್ಟೀತು? ಅಂಗಡಿಯ ತಕ್ಕಡಿಗೆ, ಕಚೇರಿಯ ಕಡತಕ್ಕೆ, ಸಂಸಾರಕ್ಕೆ ಅದೇ ರೂಢಿ ಹೋಗುತ್ತದೆ. ಮಗುವಿಗೆ ಇದನ್ನು ಯಾರೂ ಬೇಕೆಂದು ಕಲಿಸುವುದಿಲ್ಲ. ನಮ್ಮ ಅವಸರವೇ ಕಲಿಸುತ್ತದೆ.

ಓದಿದ್ದು ತಲೆಯಲ್ಲಿ ಏಕೆ ನಿಲ್ಲುವುದಿಲ್ಲ ಎಂಬ ಆ ತಂದೆಯ ಮಾತಿಗೆ ತಿಳಿದವರು ಉತ್ತರ ಹುಡುಕಿದ್ದಾರೆ. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಎಂಬ ವಿದ್ವಾಂಸರು ಅರ್ಥವಿಲ್ಲದ ಅಕ್ಷರಗಳ ಸಾಲುಗಳನ್ನು ತಾವೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತದೆ ಎಂದು ಅಳೆದು 1885ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಅದೇ ಸಾಲನ್ನು ಮತ್ತೆ ಕಲಿಯುವಾಗ ಎಷ್ಟು ಶ್ರಮ ಉಳಿಯುತ್ತದೆ ಎಂಬುದು ಅವರ ಅಳತೆ. ಆ ಲೆಕ್ಕದಲ್ಲಿ ಒಂದು ತಾಸಿನೊಳಗೆ ಅರ್ಧಕ್ಕಿಂತ ಹೆಚ್ಚು ಹೋಗಿತ್ತು. ಒಂದು ದಿನಕ್ಕೆ ಮೂರರಲ್ಲಿ ಒಂದು ಪಾಲು, ಒಂದು ತಿಂಗಳಿಗೆ ಐದರಲ್ಲಿ ಒಂದು ಪಾಲು ಮಾತ್ರ ಉಳಿದಿತ್ತು. ಅಂದರೆ ಮರೆವು ನಿಮ್ಮ ಮಗನ ದೋಷವಲ್ಲ. ಮನುಷ್ಯನ ಮನಸ್ಸಿನ ಸ್ವಭಾವ. ಅವರು ಇನ್ನೊಂದು ಮಾತನ್ನೂ ಕಂಡುಕೊಂಡರು. ಒಂದೇ ದಿನ ಬಿಡದೆ 68 ಸಲ ಹೇಳಿಕೊಂಡಾಗ ಮರುದಿನಕ್ಕೆ ಎಷ್ಟು ಫಲ ಸಿಕ್ಕಿತೋ, ಮೂರು ದಿನಕ್ಕೆ ಹಂಚಿ 38 ಸಲ ಹೇಳಿಕೊಂಡಾಗಲೂ ಅಷ್ಟೇ ಫಲ ಸಿಕ್ಕಿತು. ಹಂಚಿ ಮಾಡಿದರೆ ಸುಮಾರು ಅರ್ಧ ದುಡಿಮೆಯಲ್ಲಿ ಕೆಲಸವಾಗುತ್ತದೆ ಎಂದಾಯಿತು. ವ್ಯಾಪಾರಸ್ಥರಿಗೆ ಇದಕ್ಕಿಂತ ಹೆಚ್ಚು ಬಿಡಿಸಿ ಹೇಳಬೇಕಿಲ್ಲ.

2006ರಲ್ಲಿ ಅಮೇರಿಕದ ರೋಡಿಗರ್ ಮತ್ತು ಕಾರ್ಪಿಕ್ ಎಂಬ ಇಬ್ಬರು ವಿದ್ವಾಂಸರು ಕಾಲೇಜು ವಿದ್ಯಾರ್ಥಿಗಳ ಮೇಲೆ ನಡೆಸಿದ ಪ್ರಯೋಗವೂ ನೆನಪಿಡುವಂಥದು. ಒಂದು ಗುಂಪಿನವರು ಒಂದು ಗದ್ಯಪಾಠವನ್ನು ನಾಲ್ಕು ಸರದಿ ಓದಿದರು. ಇನ್ನೊಂದು ಗುಂಪಿನವರು ಒಂದೇ ಸರದಿ ಓದಿ, ಉಳಿದ ಮೂರು ಸರದಿ ಪಾಠವನ್ನು ಬದಿಗಿಟ್ಟು ನೆನಪಿನಿಂದ ಬರೆದರು. ಐದು ನಿಮಿಷದ ತರುವಾಯ ಕೇಳಿದಾಗ ಓದಿದವರೇ ಮುಂದು: ಅವರಿಗೆ ನೂರಕ್ಕೆ 83 ಪಾಲು ನೆನಪಿತ್ತು, ಬರೆದವರಿಗೆ 71. ಒಂದು ವಾರ ಬಿಟ್ಟು ಕೇಳಿದಾಗ ಲೆಕ್ಕ ತಿರುಗಿತ್ತು. ಓದಿದವರಲ್ಲಿ 40 ಪಾಲು, ನೆನಪಿನಿಂದ ಬರೆದವರಲ್ಲಿ 61 ಪಾಲು ಉಳಿದಿತ್ತು. ಉರು ಹೊಡೆಯುವುದರ ಮೋಸ ಇರುವುದೇ ಇಲ್ಲಿ. ಅದು ಐದು ನಿಮಿಷ ಗೆಲ್ಲಿಸಿ, ವಾರದೊಳಗೆ ಸೋಲಿಸುತ್ತದೆ. ಆ ಐದು ನಿಮಿಷದ ಗೆಲುವನ್ನು ನೋಡಿ ತಂದೆತಾಯಿಗಳೂ ಮಕ್ಕಳೂ “ಬಂತು, ಬಂತು” ಎಂದು ನಂಬಿಬಿಡುತ್ತಾರೆ.

ಇಷ್ಟೆಲ್ಲ ಹೇಳಲು ಪರದೇಶದ ವಿದ್ವಾಂಸರೇ ಬೇಕೆಂದಲ್ಲ. ನಿಮ್ಮ ಹೊಲವೇ ಇದನ್ನು ಹೇಳುತ್ತದೆ. ಅಕ್ಕಲಕೋಟ, ಜತ್ತ, ಮಂಗಳವೇಢೆಯ ಕಡೆ ಹಿಂಗಾರಿ ಜೋಳ ಬೆಳೆಯುವವರಿಗೆ ಗೊತ್ತು: ಬಿತ್ತಿದ ಮೇಲೆ ಮಳೆ ಬರುವ ಭರವಸೆ ಇರುವುದಿಲ್ಲ. ಮೊದಲು ಬಿದ್ದ ಮಳೆಯನ್ನು ಎರೆಮಣ್ಣು ಹೀರಿ ಹಿಡಿದುಕೊಂಡದ್ದೇ ಬೆಳೆಗೆ ಜೀವ. ಅದಕ್ಕಾಗಿಯೇ ಒಡ್ಡು ಹಾಕುತ್ತೀರಿ, ಕುಂಟೆ ಹೊಡೆಯುತ್ತೀರಿ, ಎಡೆ ಹೊಡೆದು ನೆಲದ ಬಿರುಕು ಮುಚ್ಚುತ್ತೀರಿ. ನಿಧಾನವಾಗಿ ಬಿದ್ದ ಮಳೆ ನೆಲದೊಳಗೆ ಇಳಿಯುತ್ತದೆ. ಒಂದೇ ತಾಸಿನಲ್ಲಿ ಹೊಡೆದ ದೊಡ್ಡ ಮಳೆ ಹರಿದು ಹಳ್ಳ ಸೇರುತ್ತದೆ. ಹೋಗುವಾಗ ಮೇಲ್ಮಣ್ಣನ್ನೂ ಒಯ್ಯುತ್ತದೆ. ಪರೀಕ್ಷೆಯ ಹಿಂದಿನ ರಾತ್ರಿಯ ಓದು ಆ ದೊಡ್ಡ ಮಳೆ. ಅದು ಒಯ್ಯುವ ಮೇಲ್ಮಣ್ಣು ಯಾವುದು? ಮಗುವಿಗೆ ವಿದ್ಯೆಯ ಮೇಲಿದ್ದ ಪ್ರೀತಿ. ಪರೀಕ್ಷೆ ಮುಗಿದ ದಿನವೇ ಪುಸ್ತಕಗಳನ್ನು ಹರಿದು ಬಿಸಾಡುವ ಹುಡುಗರನ್ನು ನೋಡಿದವರಿಗೆ ಈ ಮಾತು ಉತ್ಪ್ರೇಕ್ಷೆ ಎನಿಸಲಾರದು.

ಅಂಗಡಿಕಾರರೂ ಇದನ್ನು ಬಲ್ಲರು. ದಿನದ ಕಿರ್ದಿಯನ್ನು ದಿನವೇ ಬರೆಯದೆ, ವರ್ಷದ ವ್ಯವಹಾರವನ್ನೆಲ್ಲ ದೀಪಾವಳಿ ಅಮಾವಾಸ್ಯೆಯ ರಾತ್ರಿ ಒಮ್ಮೆಗೇ ಬರೆದು ಪೂಜೆಗಿಡುವ ಸಾಹುಕಾರನ ಖಾತೆಯನ್ನು ಯಾರು ನಂಬುತ್ತಾರೆ? ಇಷ್ಟಲಿಂಗ ಪೂಜೆಯನ್ನೇ ನೋಡಿ. ವರ್ಷವಿಡೀ ಲಿಂಗವನ್ನು ಮರೆತು, ಶಿವರಾತ್ರಿಯ ಒಂದು ರಾತ್ರಿ ಮುನ್ನೂರ ಅರವತ್ತು ದಿನದ ಪೂಜೆ ತೀರಿಸುತ್ತೇನೆ ಎನ್ನುವವನನ್ನು ನೋಡಿ ನೀವೇ ನಗುತ್ತೀರಿ. ದಿನವೂ ಸ್ವಲ್ಪ ಹೊತ್ತು, ಆದರೆ ತಪ್ಪದೆ ಎಂಬುದು ನಮ್ಮ ಮತದ ರೀತಿ. ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂದು ಷಟ್‌ಸ್ಥಲವನ್ನು ಮೆಟ್ಟಿಲಾಗಿ ಕಟ್ಟಿಕೊಟ್ಟವರ ಮಕ್ಕಳು ನಾವು. ನಮ್ಮ ಮಕ್ಕಳ ಓದಿನಲ್ಲಿ ಮಾತ್ರ ಮೆಟ್ಟಿಲನ್ನು ಬಿಟ್ಟು ಹಾರಿರೆಂದು ಹೇಳುತ್ತಿದ್ದೇವೆ.

ಇಲ್ಲಿ ಎರಡು ಆಕ್ಷೇಪಣೆಗಳು ಬರುತ್ತವೆ. ಎರಡೂ ನ್ಯಾಯವಾದವುಗಳೇ.

ಮೊದಲನೆಯದು: “ಹಿಂದಿನವರೂ ಬಾಯಿಪಾಠವನ್ನೇ ಮಾಡುತ್ತಿದ್ದರಲ್ಲ?” ಹೌದು, ಮಾಡುತ್ತಿದ್ದರು. ಕಾಲು, ಅರೆ, ಮುಕ್ಕಾಲು ಮಗ್ಗಿಗಳನ್ನು ಹೇಳಿಸುತ್ತಿದ್ದರು. ವಚನಗಳನ್ನು ಕಂಠಪಾಠ ಮಾಡಿಸುತ್ತಿದ್ದರು. ಬಾಯಿಪಾಠವನ್ನು ನಾವು ಹಳಿಯುತ್ತಿಲ್ಲ. ಆದರೆ ಆ ಮಗ್ಗಿ ದಿನವೂ ದೀಪ ಹಚ್ಚುವ ಹೊತ್ತಿಗೆ, ವರ್ಷಗಟ್ಟಲೆ, ಪುಸ್ತಕ ನೋಡದೆ ಹೇಳಿದ ಮಗ್ಗಿ. ಮರುದಿನ ಅಂಗಡಿಯಲ್ಲಿ, ಸಂತೆಯಲ್ಲಿ ಬಳಕೆಗೆ ಬಂದ ಮಗ್ಗಿ. ಆದ್ದರಿಂದಲೇ ಎಂಬತ್ತರ ಅಜ್ಜ ಇಂದಿಗೂ ಲೆಕ್ಕವನ್ನು ಬಾಯಲ್ಲೇ ಹೇಳುತ್ತಾನೆ. ನಮ್ಮ ದೂರು ಇರುವುದು, ಗೈಡಿನ ಉತ್ತರವನ್ನು ಅರ್ಥ ತಿಳಿಯದೆ ಒಂದು ರಾತ್ರಿ ನುಂಗಿ ಮರುದಿನ ಕಕ್ಕುವ ಓದಿನ ಮೇಲೆ. ಇವೆರಡನ್ನೂ ಒಂದೇ ಎನ್ನಲಾಗದು.

ಎರಡನೆಯ ಆಕ್ಷೇಪಣೆ ಇನ್ನೂ ಕಠಿಣವಾದದ್ದು: “ಅಜ್ಜಾರ, ಅಂಕ ಇಲ್ಲದಿದ್ದರ ಸೀಟು ಎಲ್ಲಿ ಸಿಗತೈತ್ರಿ? ನೌಕರಿ ಯಾರು ಕೊಡತಾರ? ಎರಡು ಎಕರೆ ಹೊಲದಾಗ ಮೂರು ಮಕ್ಕಳು ಹೆಂಗ ಬದುಕಬೇಕು?” ಈ ಮಾತನ್ನು ನಾವು ತಳ್ಳಿಹಾಕಲಾರೆವು. ಅಂಕ ಬೇಡವೆಂದು ಹೇಳುವುದು ಹೊಟ್ಟೆ ತುಂಬಿದವರಿಗೆ ಸುಲಭ. ಅದರಲ್ಲೂ ಗಡಿನಾಡಿನ ಕನ್ನಡ ಶಾಲೆಯ ಮಗುವಿಗೆ ಭಾರ ಹೆಚ್ಚು. ಮನೆಯಲ್ಲಿ ಕನ್ನಡ, ಪೇಟೆ-ಕಚೇರಿಗಳಲ್ಲಿ ಮರಾಠಿ, ಇವುಗಳ ಮೇಲೆ ಹಿಂದಿ, ಇಂಗ್ಲಿಷು. 2020ರ ಕಾಯಿದೆಯ ಪ್ರಕಾರ ಮಹಾರಾಷ್ಟ್ರದ ಎಲ್ಲ ಶಾಲೆಗಳಲ್ಲೂ ಮರಾಠಿ ಕಲಿಯುವುದು ಕಡ್ಡಾಯ. ಅದನ್ನು ಭಾರವೆನ್ನದೆ ಚೆನ್ನಾಗಿ ಕಲಿಯಬೇಕು. ನೆರೆಹೊರೆಯ ಭಾಷೆ ಬಲ್ಲವನಿಗೆ ನಾಲ್ಕು ಬಾಗಿಲು ತೆರೆದಿರುತ್ತವೆ. ಆದರೆ ಒಂದು ವಿಚಾರ ಮಾಡಿ. ಭಾಷೆಯನ್ನು ಯಾರಾದರೂ ಒಂದು ರಾತ್ರಿಯಲ್ಲಿ ಕಲಿತದ್ದುಂಟೇ? ಹೆಚ್ಚು ಭಾರ ಹೊರಬೇಕಾದ ನಮ್ಮ ಮಕ್ಕಳಿಗೇ ನಿಧಾನದ, ನಿತ್ಯದ ಕಲಿಕೆ ಹೆಚ್ಚು ಅವಶ್ಯ. ಗಣಿತವೂ ಹಾಗೆಯೇ. ಏಳನೆಯ ಇಯತ್ತೆಯ ಅಪೂರ್ಣಾಂಕ ಗಟ್ಟಿಯಾಗದವನಿಗೆ ಹತ್ತನೆಯದರ ಬೀಜಗಣಿತ ಬೆಟ್ಟವಾಗುತ್ತದೆ. ಬೆಟ್ಟವಾದದ್ದನ್ನು ಉರು ಹೊಡೆಯದೆ ಬೇರೆ ದಾರಿ ಅವನಿಗಿಲ್ಲ. ಆದ್ದರಿಂದ ನಾವು ಹೇಳುವುದಿಷ್ಟು: ಅಂಕ ಬರಲಿ, ಚೆನ್ನಾಗಿಯೇ ಬರಲಿ. ಅದು ಕಲಿಕೆಯ ಬೆನ್ನಹಿಂದೆ ಬರಲಿ. ರಾಶಿ ಕಣಕ್ಕೆ ಬರಬೇಕಾದರೆ ಬೆಳೆ ಹೊಲದಲ್ಲಿ ಬೆಳೆದಿರಬೇಕು.

ಈಗ ಹಿರಿಯರ ಪಾಲಿನ ತಪ್ಪಿನ ಮಾತು. ಸುಗ್ಗಿ ಬಂದಿತೆಂದು ಹುಡುಗನನ್ನು ಶಾಲೆ ಬಿಡಿಸಿ ಹಕ್ಕಿ ಕಾಯಲು ಕಳಿಸುವವರು ಯಾರು? ಮದುವೆ, ಜಾತ್ರೆ, ನಿಶ್ಚಯ ಎಂದು ವಾರಗಟ್ಟಲೆ ಕರೆದೊಯ್ಯುವವರು ಯಾರು? ಸಂಜೆ ಏಳಕ್ಕೆ ಟಿವಿ ಹಚ್ಚಿ, ಮೊಬೈಲ್ ಹಿಡಿದು ಕುಳಿತು, ಮಗುವಿಗೆ ಮಾತ್ರ “ಓದು, ಓದು” ಎನ್ನುವವರು ಯಾರು? ವರ್ಷದ ಹತ್ತು ತಿಂಗಳು ಮಗುವಿನ ಸಮಯವನ್ನು ನಾವೇ ಕಸಿದುಕೊಂಡು, ಹನ್ನೊಂದನೆಯ ತಿಂಗಳಿಗೆ ಅಂಕದ ಪಟ್ಟಿ ಕೇಳುವುದು ಯಾವ ನ್ಯಾಯ? ಹೆಣ್ಣುಮಕ್ಕಳ ವಿಷಯದಲ್ಲಂತೂ ಈ ಅನ್ಯಾಯ ಇಮ್ಮಡಿ. ಕಸ, ಮುಸುರೆ, ರೊಟ್ಟಿ, ತಮ್ಮ-ತಂಗಿಯರನ್ನು ನೋಡಿಕೊಳ್ಳುವುದು ಎಲ್ಲ ಮುಗಿದ ಮೇಲೆ ಉಳಿಯುವ ನಿದ್ದೆಗಣ್ಣಿನ ಅರ್ಧ ತಾಸೇ ಅವಳ ಓದಿನ ಹೊತ್ತು. ಅಕ್ಕಮಹಾದೇವಿಯ ಹೆಸರನ್ನು ಮಗಳಿಗಿಟ್ಟು, ಓದುವ ಹೊತ್ತನ್ನು ಮಗನಿಗಷ್ಟೇ ಇಡುವುದು ಶರಣರ ದಾರಿಯಲ್ಲ. ಮಗುವಿನ ಹೊತ್ತೂ ಒಂದು ಆಸ್ತಿ. ಅದನ್ನು ಕಸಿಯುವುದು ಮಗುವಿನ ಕಾಯಕಕ್ಕೆ ಅಡ್ಡಿ ಮಾಡಿದಂತೆ.

ಹಾಗಾದರೆ ಮಾಡಬೇಕಾದದ್ದೇನು? ದೊಡ್ಡ ಖರ್ಚಿನ ಮಾತಿಲ್ಲ. ದಿನಕ್ಕೆ ಒಂದು ಹೊತ್ತನ್ನು ಗೊತ್ತು ಮಾಡಿ. ಚಿಕ್ಕವರಿಗೆ ಅರ್ಧ ತಾಸು, ದೊಡ್ಡವರಿಗೆ ಒಂದೆರಡು ತಾಸು. ಆ ಹೊತ್ತಿನಲ್ಲಿ ಮನೆಯ ಟಿವಿ, ಮೊಬೈಲ್ ಸುಮ್ಮನಿರಲಿ. ಓದಿದ ಮೇಲೆ ಪುಸ್ತಕ ಮುಚ್ಚಿಸಿ, “ಏನು ಓದಿದೆ, ನನಗೆ ತಿಳಿಯುವ ಹಾಗೆ ಹೇಳು” ಎಂದು ಕೇಳಿ. ಈ ಪ್ರಶ್ನೆ ಕೇಳಲು ಅಕ್ಷರ ಬರಬೇಕೆಂದಿಲ್ಲ. ಶಾಲೆಯ ಮೆಟ್ಟಿಲು ಹತ್ತದ ತಾಯಿಯೂ ರೊಟ್ಟಿ ಬಡಿಯುತ್ತ ಕೇಳಬಹುದು. ಅವಳಿಗೆ ತಿಳಿಯುವಂತೆ ಹೇಳಲು ಬಂದರೆ ಮಗುವಿಗೆ ಅದು ನಿಜವಾಗಿ ಬಂದಿದೆ ಎಂದರ್ಥ. ಮರುದಿನ ಒಮ್ಮೆ, ವಾರ ಬಿಟ್ಟು ಒಮ್ಮೆ, ತಿಂಗಳಿಗೆ ಒಮ್ಮೆ ಅದನ್ನೇ ಮತ್ತೆ ಕೇಳಿ. ಮರೆತಿದ್ದರೆ ಬೈಯಬೇಡಿ. ಮರೆತದ್ದನ್ನು ಮತ್ತೆ ನೆನೆಸಿಕೊಳ್ಳುವ ಆ ಒದ್ದಾಟದಲ್ಲೇ ವಿದ್ಯೆ ಬೇರು ಬಿಡುತ್ತದೆ. ಕಲಿತದ್ದಕ್ಕೆ ಕೆಲಸವನ್ನೂ ಕೊಡಿ. ಡೇರಿಯ ಹಾಲಿನ ಲೆಕ್ಕ, ಗೊಬ್ಬರದ ಚೀಟಿ, ಸಾಲದ ಬಡ್ಡಿ ಮಗುವಿನ ಕೈಯಿಂದಲೇ ಆಗಲಿ. ವಾರಕ್ಕೊಂದು ವಚನವನ್ನು ಅರ್ಥದೊಂದಿಗೆ ಮನೆಯವರೆಲ್ಲ ಕೂಡಿ ಕಲಿಯಿರಿ. ಗಡಿಯಾಚೆಯಲ್ಲಿ ಕನ್ನಡ ಉಳಿಯುವುದಕ್ಕೂ ಅದೇ ದಾರಿ. ರಾತ್ರಿ ಮಗುವಿಗೆ ಪೂರ್ತಿ ನಿದ್ದೆ ಸಿಗಲಿ. ಪಕ್ಕದ ಮನೆಯ ಹುಡುಗನ ಅಂಕವನ್ನು ನಿಮ್ಮ ಮನೆಯೊಳಗೆ ತರಬೇಡಿ.

ನಿಧಾನಕ್ಕೆ ಎಂಥ ಫಲ ಬರುತ್ತದೆ ಎಂಬುದಕ್ಕೆ ನಮ್ಮ ಸೀಮೆಯಲ್ಲೇ ಸಾಕ್ಷಿಗಳಿವೆ. ವಿಜಯಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ಊರೂರಿನ ತಾಡೋಲೆ ಕಟ್ಟುಗಳನ್ನು ಹುಡುಕಿ, ಒಂದೊಂದೇ ಗರಿ ಓದಿ, ಪ್ರತಿ ಮಾಡಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಹೊರತಂದರು, 1926ರಲ್ಲಿ ‘ಶಿವಾನುಭವ’ ಪತ್ರಿಕೆ ಆರಂಭಿಸಿದರು. 1964ರಲ್ಲಿ ಲಿಂಗೈಕ್ಯರಾದರು. ಒಂದು ಆಯುಷ್ಯವನ್ನು ಹೀಗೆ ಸವೆಸಿದ್ದರಿಂದ ಇಂದು ವಚನ ನಮ್ಮ ಮಕ್ಕಳ ಪಠ್ಯದಲ್ಲಿದೆ. ಅದನ್ನು ಒಂದು ರಾತ್ರಿಯ ಉರುವಾಗಿ ಮಾಡಿಕೊಂಡರೆ ಅವರ ಶ್ರಮಕ್ಕೆ ನಾವು ಕೊಡುವ ಬೆಲೆ ಎಷ್ಟು?

ಸೊನ್ನಲಿಗೆಯ ಸಿದ್ಧರಾಮೇಶ್ವರರನ್ನೂ ನೆನೆಯೋಣ. ಸಂಕ್ರಾಂತಿಯ ನಂದಿಧ್ವಜದ ಉತ್ಸವಕ್ಕೆ ಸೊಲ್ಲಾಪುರಕ್ಕೆ ಹೋದವರೆಲ್ಲ ಅವರ ಕೆರೆಯನ್ನು ಕಂಡಿದ್ದೀರಿ. ಬುಟ್ಟಿ ಬುಟ್ಟಿ ಮಣ್ಣು ಹೊತ್ತು ಆದ ಕೆರೆ ಅದು. ಆದರೆ ಅಲ್ಲಮಪ್ರಭುಗಳು ಅಲ್ಲಿಗೆ ಬಂದು, ಹೊರಗೆ ಇಷ್ಟೆಲ್ಲ ಕಟ್ಟಿದೆ, ನಿನ್ನೊಳಗೆ ಏನು ಕಟ್ಟಿದೆ ಎಂಬ ಅರ್ಥದಲ್ಲಿ ಅವರನ್ನು ಎಚ್ಚರಿಸಿದರೆಂದು ಶೂನ್ಯಸಂಪಾದನೆ ತಿಳಿಸುತ್ತದೆ. ಪ್ರಭುಗಳು ಎಚ್ಚರಿಸಿದ್ದು ಒಳಗಿನ ಅರಿವಿಗಾಗಿ. ಅಂಕದ ಪಟ್ಟಿ ಹಿಡಿದು ಬರುವ ಮಕ್ಕಳನ್ನೂ ಅವರ ಪಾಲಕರನ್ನೂ ನಾವು ಅದೇ ಮಾತು ಕೇಳಬೇಕಾಗಿದೆ: ಹೊರಗೆ ಇಷ್ಟು ಬಂದಿದೆ, ಸಂತೋಷ, ಒಳಗೆ ಎಷ್ಟು ಉಳಿದಿದೆ?

ಅಂದು ಪಟ್ಟಿ ನೋಡುತ್ತ ನಿಂತಿದ್ದ ಹುಡುಗನ ಕಥೆಯನ್ನು ಅಲ್ಲಿಗೇ ಬಿಡಬಾರದು. ಆ ದಿನ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಆ ಲೆಕ್ಕವನ್ನು ಒಟ್ಟಿಗೆ ಮಾಡಿದೆವು. ಅರ್ಧ ತಾಸು ಹಿಡಿಯಿತು. ಮುಂದಿನ ಸೋಮವಾರವೂ ಬಾ ಎಂದೆವು, ಬಂದ. ಆಮೇಲೆ ತಾನೇ ಬರತೊಡಗಿದ. ಈಗ ಊರಿನ ಮುದುಕರು ಪಟ್ಟಿ ಬಂದರೆ ಅವನನ್ನು ಹುಡುಕಿಕೊಂಡು ಹೋಗುತ್ತಾರೆ. ಆ ಲೆಕ್ಕಕ್ಕೆ ಯಾರೂ ಅಂಕ ಕೊಡುವುದಿಲ್ಲ. ಆದರೆ ಯಾರೂ ಅದನ್ನು ಅವನಿಂದ ಕಸಿಯಲಾರರು.

ಆದ್ದರಿಂದ ಭಕ್ತರಲ್ಲಿ ನಮ್ಮದೊಂದು ಕೇಳಿಕೆ. ಮಕ್ಕಳ ಪೆನ್ನನ್ನು ಗದ್ದುಗೆಗೆ ಮುಟ್ಟಿಸಲು ಇನ್ನು ಮುಂದೆ ಪರೀಕ್ಷೆಯ ಹಿಂದಿನ ದಿನದವರೆಗೆ ಕಾಯಬೇಡಿ. ಜೂನ್ ತಿಂಗಳಲ್ಲಿ ಶಾಲೆ ತೆರೆದಾಗ, ಮುಂಗಾರಿನ ಮೊದಲ ಹದಕ್ಕೆ ಹೊಲಕ್ಕೆ ಹೋಗುವ ಮುನ್ನ, ಮಗುವನ್ನು ಕರೆತನ್ನಿರಿ. ಅಂದು ನಾವು ಮಗುವಿನ ತಲೆಯ ಮೇಲೂ ಕೈ ಇಡುತ್ತೇವೆ, ನಿಮ್ಮ ತಲೆಯ ಮೇಲೂ ಇಡುತ್ತೇವೆ. ಮಗುವಿಗೆ ನಿತ್ಯದ ಶ್ರದ್ಧೆ ಬರಲಿ, ನಿಮಗೆ ವರ್ಷವಿಡೀ ತಾಳ್ಮೆ ಬರಲಿ ಎಂದು ಹರಸುತ್ತೇವೆ.